ಎಂಜಲಿಲ್ಲದ ಲೋಟ

ತಿರುವನಂತಪುರದ ಪ್ರಯೋಗಾಲಯದಲ್ಲಿ ನಾನು ಮಾಡುವ ಕೆಲಸ ಏನೆಂದು ಮೈಸೂರಿನಲ್ಲಿದ್ದ ಅಮ್ಮನಿಗೆ ಅರ್ಥವಾದ ದಿನ ಅವಳು ಫೋನಿನಲ್ಲೇ, "ಅಲ್ವೇ, ಕಂಡೋರ ಎಂಜಲು ಬಳಿಯೋಕೇನೇ ನಿನಗೆ ಎಂ.ಎಸ್ಸಿ. ಓದಿಸಿದ್ದು?" ಅಂದಳು. "ಕಂಡೋರದಲ್ಲಮ್ಮ, ಕಳ್ಳರದು, ಕೊಲೆಗಾರರದು" ಎಂದು ತಿದ್ದಿದೆ. ಅದರಿಂದ ಅವಳಿಗೇನೂ ಸಮಾಧಾನವಾಗಲಿಲ್ಲ.

ಅವಳು ಹೇಳಿದ್ದು ಸುಳ್ಳೂ ಅಲ್ಲ. ಕುಡಿದಿಟ್ಟ ಲೋಟ, ಸೇದಿ ಎಸೆದ ಬೀಡಿ, ನೆಕ್ಕಿ ಅಂಟಿಸಿದ ಲಕೋಟೆ, ಇಂಥವುಗಳ ಮೇಲೆ ಒದ್ದೆ ಹತ್ತಿ ಉಜ್ಜಿ, ಅಂಟಿಕೊಂಡು ಬಂದ ಡಿಎನ್‌ಎ ಯಾರದೆಂದು ಹೇಳುವುದು ನನ್ನ ಕೆಲಸ. ಮನೆಯಲ್ಲಿ ಮಾತ್ರ ಗಂಡ ಕಚ್ಚಿಟ್ಟ ಬಿಸ್ಕತ್ತನ್ನೂ ಮುಟ್ಟುವವಳಲ್ಲ. ನೀರನ್ನಂತೂ ತುಟಿ ತಾಗಿಸದೆ ಎತ್ತಿಯೇ ಕುಡಿಯುತ್ತಿದ್ದೆ. ಹಾಗೆ ಕುಡಿಯಲು ನನಗೆ ಸರಿಯಾಗಿ ಬರುತ್ತಿತ್ತೆಂದು ತಿಳಿಯಬೇಡಿ. ದಿನಾ ಮಧ್ಯಾಹ್ನದ ಹೊತ್ತಿಗೆ ನನ್ನ ದುಪಟ್ಟಾ ಒದ್ದೆಯಾಗಿರುತ್ತಿತ್ತು.

ಒಮ್ಮೆ ಕೊಚ್ಚಿಯಿಂದ ಒಂದು ಸ್ಟೀಲ್ ಲೋಟ ಬಂತು. ಕಾಕ್ಕನಾಡಿನ ಫ್ಲಾಟಿನಲ್ಲಿ ಒಬ್ಬರೇ ಇದ್ದ ಅಜ್ಜಿಯನ್ನು ಯಾರೋ ತಳ್ಳಿ ಬೀಳಿಸಿ ಬಳೆಗಳನ್ನು ಕಿತ್ತುಕೊಂಡು ಹೋಗಿದ್ದರು. ಅಜ್ಜಿ ಬದುಕಿದರು, ಆದರೆ ತಲೆಗೆ ಪೆಟ್ಟಾಗಿ ಏನೂ ನೆನಪಿರಲಿಲ್ಲ. ಕೆಲಸದವಳು ಬೆಳಿಗ್ಗೆ ತಿಕ್ಕಿ ಬೋರಲು ಹಾಕಿ ಹೋಗಿದ್ದ ಲೋಟ ಮೇಜಿನ ಮೇಲೆ ಅರ್ಧ ನೀರಿನೊಂದಿಗೆ ಸಿಕ್ಕಿತ್ತು. ಅಜ್ಜಿ ತಮ್ಮ ತಾಮ್ರದ ಚೊಂಬು ಬಿಟ್ಟು ಬೇರೆಯದರಲ್ಲಿ ನೀರು ಕುಡಿಯುವವರಲ್ಲ. ಪಕ್ಕದ ಫ್ಲಾಟಿನವರನ್ನು ಐಟಿ ಪಾರ್ಕಿಗೆ ಕರೆದೊಯ್ಯುವ ಕ್ಯಾಬಿನ ಡ್ರೈವರ್ ಆ ಹೊತ್ತಿಗೆ ಮೆಟ್ಟಿಲ ಮೇಲಿದ್ದುದನ್ನು ಯಾರೋ ನೋಡಿದ್ದರು. ಪೊಲೀಸರು ಅವನನ್ನು ಹಿಡಿದು ಒಳಗೆ ಹಾಕಿದ್ದರು. ಲೋಟದ ಮೇಲೆ ಬೇರೆಯವರ ಗುರುತು ಸಿಕ್ಕರೆ ಅವನು ಮನೆಗೆ ಹೋಗಬಹುದು. ಏನೂ ಸಿಗದಿದ್ದರೆ ಅವನು ಒಳಗೇ.

ಏನೂ ಸಿಗಲಿಲ್ಲ. ಬಾಯಿಡುವ ಅಂಚಿನ ಸುತ್ತ ಉಜ್ಜಿದೆ, ಮತ್ತೆ ಉಜ್ಜಿದೆ. ಯಂತ್ರದ ಗ್ರಾಫು ಮಲಗಿದ್ದು ಏಳಲಿಲ್ಲ. ಬೆರಳಚ್ಚಿನವರು ಮೊದಲೇ ಲೋಟದ ಮೈಗೆಲ್ಲ ಪುಡಿ ಬಳಿದು, ಅಚ್ಚು ಕಲಸಿಹೋಗಿದೆ ಎಂದು ಕೈ ತೊಳೆದುಕೊಂಡಿದ್ದರು. ನಾನೂ 'ಫಲಿತಾಂಶವಿಲ್ಲ' ಎಂದು ವರದಿ ಟೈಪು ಮಾಡಿ, ದೊಡ್ಡ ವಿಜ್ಞಾನಿಯ ಗತ್ತಿನಲ್ಲಿ ನೀರಿನ ಬಾಟಲಿ ಎತ್ತಿದೆ. ನೀರು ಮೂಗಿಗೆ ಹೋಯಿತು.

ಪಕ್ಕದ ಮೇಜಿನ ಮಲಯಾಳಿ ಗೆಳತಿ ಓಡಿಬಂದು ಬೆನ್ನಿಗೆ ಗುದ್ದಿದಳು. "ನಿನ್ನದೇ ಬಾಟಲಿ, ನಿನ್ನದೇ ಎಚ್ಚಿಲ್. ಬಾಯಿಟ್ಟು ಕುಡಿದರೆ ಏನು ಗಂಟು ಹೋಗುತ್ತೆ?" ಎಂದಳು. ಎಚ್ಚಿಲ್ ಎಂದರೆ ಅವರ ಎಂಜಲು.

ಕೆಮ್ಮು ಅಲ್ಲಿಗೇ ನಿಂತಿತು. ಎತ್ತಿ ಕುಡಿದವನ ಎಂಜಲು ಅಂಚಿಗೆ ಎಲ್ಲಿಂದ ಬರಬೇಕು? ಬುದ್ಧಿ ಬಂದಾಗಿನಿಂದ ಹಾಗೇ ಕುಡಿದು ಬಟ್ಟೆ ತೋಯಿಸಿಕೊಂಡ ನನಗೆ ಇದು ಎಲ್ಲರಿಗಿಂತ ಮೊದಲು ಹೊಳೆಯಬೇಕಿತ್ತು. ನನ್ನ ತಲೆಯಲ್ಲಿ ಸಗಣಿ ತುಂಬಿದೆ ಎಂದು ಅಮ್ಮ ಸುಮ್ಮನೆ ಹೇಳುತ್ತಿರಲಿಲ್ಲ.

ಹಾಗೆ ಕುಡಿಯುವವನು ಲೋಟವನ್ನು ಎಲ್ಲಿ ಹಿಡಿಯುತ್ತಾನೆ? ಸಂಜೆ ಚಾಲೈ ಬಜಾರಿನ ಪಾತ್ರೆ ಅಂಗಡಿಗೆ ಹೋಗಿ, ಅಂಥದೇ ಲೋಟಗಳನ್ನು ಒಂದೊಂದಾಗಿ ಬಾಯಿಯ ಮೇಲೆ ಎತ್ತೆತ್ತಿ ನೋಡಿದೆ. ಅಂಗಡಿಯವರು ಕೊಂಚ ಹೊತ್ತು ಸಹಿಸಿಕೊಂಡು, "ಚೇಚಿ, ಅದಿಲ್ ವೆಳ್ಳಂ ಇಲ್ಲ" ಎಂದರು, ಅಕ್ಕಾ, ಅದರಲ್ಲಿ ನೀರಿಲ್ಲ ಅಂತ. ನಾಚಿಕೆಗೆ ಎರಡು ಲೋಟ ಕೊಂಡೆ. ನನ್ನ ಬೆರಳುಗಳು ಪ್ರತಿ ಸಲವೂ ಬುಡದ ಹತ್ತಿರವೇ ಬಿಗಿಯುತ್ತಿದ್ದವು. ಬಿಗಿಹಿಡಿದ ಕಡೆ ಚರ್ಮದ ಕಣ ಉಳಿದಿರಲು ಸಾಧ್ಯ.

ನಮ್ಮ ಮೇಲಧಿಕಾರಿ ಎಂಜಲು ಕೈಯಲ್ಲಿ ಕಾಗೆ ಓಡಿಸುವವರಲ್ಲ. ಇನ್ನೊಂದು ಪರೀಕ್ಷೆಗೆ ರಾಸಾಯನಿಕ ಕೇಳಿದರೆ ಅವರ ಮನೆಯ ಹಕ್ಕುಪತ್ರ ಕೇಳಿದಂತೆ ನೋಡಿದರು. "ಆ ಪುಡಿಯ ಬ್ರಶ್ಶು ಹತ್ತು ಮನೆ ಸುತ್ತಿರುತ್ತೆ. ಯಾರ ಡಿಎನ್‌ಎ ಬೇಕಾದರೂ ಸಿಕ್ಕೀತು" ಎಂದರು. ಅದು ಸರಿಯಾದ ಮಾತೇ. ಆದರೂ, "ಸಾರ್, ಆ ಡ್ರೈವರ್ ಒಳಗಿದ್ದಾನೆ" ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು. "ಒಂದೇ ಸಲ" ಎಂದರು.

ಬುಡದ ಪುಡಿಯಿಂದ ಒಬ್ಬ ಗಂಡಸಿನ ಗುರುತು ಎದ್ದು ಬಂತು. ಡ್ರೈವರನದಲ್ಲ. ಆಮೇಲೆ ಪೊಲೀಸರು ಕಳಿಸಿದ ನೆಂಟರಿಷ್ಟರ ರಕ್ತದ ಮಾದರಿಗಳಲ್ಲಿ ಅದು ಅಜ್ಜಿಯ ಅಣ್ಣನ ಮಗನದಕ್ಕೆ ಹೊಂದಿತು. ಆ ಮನೆಗೆ ಕಾಲಿಟ್ಟು ವರ್ಷವಾಯಿತು ಎಂದಿದ್ದ ಮನುಷ್ಯ. ಬಳೆಗಳೂ ಅವನ ಹತ್ತಿರವೇ ಸಿಕ್ಕವು.

ಅಮ್ಮನಿಗೆ ಹೇಳಿದೆ. "ಕಳ್ಳನಾದ್ರೂ ಸಂಸ್ಕಾರವಂತ ನೋಡು, ಲೋಟ ಎಂಜಲು ಮಾಡಿಲ್ಲ" ಅಂದಳು. "ಮುದುಕೀನ ತಳ್ಳಿದನಲ್ಲಮ್ಮ" ಎಂದರೆ, "ಅದು ಬೇರೆ ಬಿಡು" ಅಂದಳು. ನನಗೆ ಸಿಟ್ಟು ನೆತ್ತಿಗೇರಿತು. ಅರ್ಧ ಅವಳ ಮೇಲೆ, ಇನ್ನರ್ಧ ನನ್ನ ಮೇಲೆ. ಮೊದಲ ಕ್ಷಣ ನನಗೂ ಹಾಗೇ ಅನಿಸಿತ್ತು.

ಆ ಅಣ್ಣನ ಮಗನ ವಿಚಾರಣೆಯಲ್ಲಿ ಸಾಕ್ಷಿ ಹೇಳಲು ಕೊಚ್ಚಿಗೆ ಹೋದೆ. ಇಂಗ್ಲಿಷಿನಲ್ಲಿ ಗಂಟೆಗಟ್ಟಲೆ ಕೊರೆದು ಹೊರಗೆ ಬಂದಾಗ ವರಾಂಡದಲ್ಲಿ ಒಬ್ಬ ಬಡಕಲು ಮನುಷ್ಯ ಎದ್ದು ನಿಂತ. ಆ ಡ್ರೈವರ್. ಅವನೂ ಸಾಕ್ಷಿಗೆ ಬಂದಿದ್ದ.

"ಮೇಡಂ, ವರದಿಯಲ್ಲಿ ನಾನು ಒಳ್ಳೆಯವನು ಅಂತ ಬರೆದಿದೆಯಾ?" ಎಂದು ಮಲಯಾಳದಲ್ಲಿ ಕೇಳಿದ.

"ಇಲ್ಲ. ಲೋಟದ ಮೇಲಿರುವುದು ನಿಮ್ಮದಲ್ಲ ಅಂತ ಇದೆ, ಅಷ್ಟೇ."

ಅವನ ಮುಖ ಇಳಿಯಿತು. ಅವನನ್ನು ಹಿಡಿದ ದಿನವೇ ಮಾವ ಬಂದು ಅವನ ಹೆಂಡತಿಯನ್ನು ತವರಿಗೆ ಕರೆದುಕೊಂಡು ಹೋಗಿದ್ದರಂತೆ, ಇನ್ನೂ ಕಳಿಸಿರಲಿಲ್ಲ. ಲಂಚ ಕೊಟ್ಟು ಹೊರಗೆ ಬಂದಿದ್ದಾನೆ ಎಂದು ಅವರು ನಂಬಿದ್ದರು. "ನೀವೇ ಒಂದು ಮಾತು ಹೇಳಿ ಮೇಡಂ" ಎನ್ನುತ್ತಲೇ ಮೊಬೈಲಿನಲ್ಲಿ ಮಾವನ ನಂಬರು ಒತ್ತಿ ನನ್ನ ಕೈಗೆ ಕೊಟ್ಟುಬಿಟ್ಟ.

ನನ್ನ ಮಲಯಾಳ ಎಂಥದೆಂದರೆ, ಅದನ್ನು ಕೇಳಲೆಂದೇ ಮೀನಿನವಳು ನಮ್ಮ ಬೀದಿಯಲ್ಲಿ ನಿಲ್ಲುತ್ತಿದ್ದಳು, ನಾನು ಮೀನು ಕೊಳ್ಳುವವಳಲ್ಲದಿದ್ದರೂ. ಅತ್ತ ಕಡೆಯಿಂದ ಗಡಸು ದನಿ, "ಆರಾಣ್?" ಎಂದಿತು. ಯಾರು? ಕೋರ್ಟಿನಲ್ಲಿ ಆಡಿದ ಮಾತುಗಳಲ್ಲಿ ಒಂದೂ ಈಗ ಉಪಯೋಗಕ್ಕೆ ಬರಲಿಲ್ಲ.

"ಅವನಲ್ಲ" ಎಂದೆ. ಗಾಬರಿಯಲ್ಲಿ ಕನ್ನಡವೇ ಬಂದುಬಿಟ್ಟಿತ್ತು. ಮಲಯಾಳದಲ್ಲೂ ಅದು ಹಾಗೆಯೇ ಎಂದು ಬಾಯಿಂದ ಬಿದ್ದ ಮೇಲೆ ಹೊಳೆಯಿತು. "ಪೊಲೀಸ್ ಲ್ಯಾಬ್ ಮೇಡಂ. ಅವನಲ್ಲ" ಎಂದು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ.

ಆ ಕಡೆ ಮುದುಕರು ತಗ್ಗಿದ ದನಿಯಲ್ಲಿ, ನನಗೂ ತಿಳಿಯುವಂತೆ ನಿಧಾನವಾಗಿ ಎರಡು ಮಾತು ಹೇಳಿ ಫೋನಿಟ್ಟರು.

ಡ್ರೈವರ್ ನನ್ನ ಮುಖವನ್ನೇ ನೋಡುತ್ತಿದ್ದ. "ನೀವು ಬರಬೇಕಂತೆ," ಎಂದೆ, "ಕರೆದುಕೊಂಡು ಹೋಗೋಕೆ."