ಗುಮ್ಮಿಯ ಮಗ್ಗುಲಿನ ಹಾಸಿಗೆ

ನನ್ನ ಮಗಳಿಗೆ ಏನಾಗಿತ್ತು ಎಂಬುದನ್ನು ಕಂಡುಹಿಡಿದವಳು ನಾನೇ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಈಗಿನವರು ಅಲರ್ಜಿ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ನಮ್ಮ ಕಾಲಕ್ಕೆ ಕಂಪ್ಲಿಯಲ್ಲಿ ಆ ಶಬ್ದವೇ ಇರಲಿಲ್ಲ. ಮಗು ಸೀನಿದರೆ ನೆಗಡಿ, ಕಣ್ಣು ಕೆಂಪಾದರೆ ದೃಷ್ಟಿ, ಎದೆ ಸುಂಯ್ ಎಂದರೆ ಉಬ್ಬಸ. ಎಲ್ಲದಕ್ಕೂ ನಮ್ಮತ್ತೆಯ ಬಳಿ ಇದ್ದದ್ದು ಒಂದೇ ಮದ್ದು: ಬೆಚ್ಚಗಿಡು.

ಬೆಚ್ಚಗಿನ ಜಾಗವೆಂದರೆ ನಮ್ಮ ಮನೆಯಲ್ಲಿ ಭತ್ತದ ಕೋಣೆ. ಹೊಳೆದಂಡೆಯ ಗದ್ದೆಗಳ ಮನೆತನ ನಮ್ಮದು, ಭತ್ತದ ವ್ಯಾಪಾರವೂ ಇತ್ತು. ಒಳಕೋಣೆಯಲ್ಲಿ ಆಳೆತ್ತರದ ಗುಮ್ಮಿ ನಿಂತಿರುತ್ತಿತ್ತು, ಬಿದಿರಿನಿಂದ ಹೆಣೆದು ಸಗಣಿ ಮೆತ್ತಿದ ಕಣಜ. ಆ ಕೋಣೆಗೆ ಕಿಟಕಿಯಿಲ್ಲ, ಗಾಳಿಯಿಲ್ಲ. ಶುಕ್ರವಾರ ಬಂದರೆ ಗುಮ್ಮಿಗೆ ಅರಿಶಿನ ಕುಂಕುಮ. ಮನೆಯ ಯಾವ ಕೂಸಿಗೆ ಹುಷಾರು ತಪ್ಪಿದರೂ ಅದರ ಹಾಸಿಗೆ ಗುಮ್ಮಿಯ ಮಗ್ಗುಲಿಗೆ ಹೋಗಬೇಕು. ಲಕ್ಷ್ಮಿಯ ಆಸರೆಯಲ್ಲಿ ಮಲಗಿದ ಕೂಸಿಗೆ ಕೇಡಿಲ್ಲ ಎಂಬುದು ಅತ್ತೆಯ ನಂಬಿಕೆ.

ಸುಗ್ಗಿಯ ಹೊಸ ಭತ್ತ ಗುಮ್ಮಿಗೆ ಬಿದ್ದರೆ ಸಾಕು, ನನ್ನ ಮಗಳಿಗೆ ಶುರು. ಬೆಳಿಗ್ಗೆ ಒಂದರ ಹಿಂದೊಂದು ಸೀನು, ತಿಕ್ಕಿ ತಿಕ್ಕಿ ಕೆಂಪಾದ ಮೂಗು, ಸಂಜೆಗೆ ಎದೆಯೊಳಗೆ ಸೀಟಿ. ಪಕ್ಕೆ ಒಳಕ್ಕೆ ಹೋಗುವ ಹಾಗೆ ಉಸಿರೆಳೆಯುತ್ತಿದ್ದಳು. ಅವಳ ಸೀನು ಹೆಚ್ಚಿದಂತೆಲ್ಲ ಅತ್ತೆ ಹಾಸಿಗೆಯನ್ನು ಗುಮ್ಮಿಗೆ ಇನ್ನಷ್ಟು ಹತ್ತಿರ ಎಳೆಯುತ್ತಿದ್ದರು. ಮೇಲೊಂದು ಹಳೆಯ ಕೌದಿ ಹೊದಿಸಿ, ಬೇವಿನೆಲೆಯ ಹೊಗೆ ಹಾಕುತ್ತಿದ್ದರು. ಆ ಹೊಗೆಗೆ ನನಗೇ ಉಸಿರು ಕಟ್ಟುತ್ತಿತ್ತು, ಇನ್ನು ಕೂಸಿನ ಪಾಡೇನು!

ನನ್ನ ತವರು ಸಂಡೂರಿಗೆ ಕರೆದೊಯ್ದರೆ ಎಲ್ಲ ಗುಣ. ಆಗ ಕಂಪ್ಲಿ ಮದರಾಸು ಸರ್ಕಾರದ್ದು, ಸಂಡೂರಿಗೆ ಅದರದೇ ರಾಜ. ರೋಗ ಸುಂಕದ ಕಟ್ಟೆಯಲ್ಲೇ ನಿಂತುಬಿಡುತ್ತದೆ ಎಂದು ನಮ್ಮ ಯಜಮಾನರು ನಗುತ್ತಿದ್ದರು. ಅತ್ತೆ ನಗಲಿಲ್ಲ.

"ಈ ಹೊಳಿ ನೀರು ಆ ಹುಡುಗಿಗೆ ಒಗ್ಗಂಗಿಲ್ಲ ಬಿಡವಾ. ನಿಮ್ಮವ್ವನ ಹತ್ರ ಬಿಟ್ಟು ಬಾ. ದೊಡ್ಡಾಕಿ ಆಗೋತನ ಅಲ್ಲೇ ಇರ್ಲಿ."

"ಹೆತ್ತಾಕಿ ನಾನು. ನನ್ನ ಕೂಸು ನನ್ನ ಮನ್ಯಾಗ ಬೆಳೀಬೇಕು."

"ಉಸಿರು ಇದ್ರ ತಾನ ಬೆಳಿಯೋದು!"

ಆ ಮಾತು ಎದೆಗೆ ನಾಟಿತು. ಯಜಮಾನರೂ ತಮ್ಮ ಅವ್ವನ ಕಡೆಗೇ ವಾಲಿದರು. ಬರುವ ಸುಗ್ಗಿಯಲ್ಲೂ ಉಬ್ಬಸ ಬಂದರೆ ಮಗಳನ್ನು ಸಂಡೂರಿನಲ್ಲೇ ಬಿಡುವುದೆಂದು ತೀರ್ಮಾನವಾಯಿತು. ಅವಳನ್ನು ಬಿಟ್ಟು ನಾನು ಹೇಗಿರುತ್ತೇನೆ ಎಂದು ಯಾರೂ ಕೇಳಲಿಲ್ಲ.

ಆ ಸಲದ ಉಬ್ಬಸ ಇಳಿಯಲೆಂದು ಕರೆದೊಯ್ದಾಗ ಸಂಡೂರಿನಲ್ಲಿ ಮಗಳು ಗುಡ್ಡದ ಮೇಕೆಯ ಹಾಗೆ ಕುಣಿದಾಡಿಕೊಂಡಿದ್ದಳು. ಅಷ್ಟರಲ್ಲಿ ಯಜಮಾನರು ತಮ್ಮ ಅತ್ತೆಮನೆಗೆಂದು ಚಕ್ಕಡಿಯಲ್ಲಿ ಹೊಸ ಭತ್ತದ ಚೀಲವೊಂದನ್ನು ಕಳಿಸಿದರು. ದಿನವೂ ಜೋಳ ಉಣ್ಣುವ ನನ್ನ ತವರಿನಲ್ಲಿ ಭತ್ತಕ್ಕೆ ಬಲು ಮರ್ಯಾದೆ. ನಮ್ಮವ್ವ ಚೀಲವನ್ನು ನಡುಮನೆಗೇ ತರಿಸಿ, ಬಾಯಿ ಬಿಚ್ಚಿ, ಮೊರಕ್ಕೆ ಸುರಿದು ಕೇರತೊಡಗಿದಳು. ಮೊಮ್ಮಗಳು ಎದುರಿಗೇ ಕೂತಿದ್ದಳು. ಮೊರ ಖಾಲಿಯಾಗುವುದರೊಳಗೆ ಸೀನು ಹಿಡಿಯಿತು, ಸಂಜೆಗೆ ಅದೇ ಸೀಟಿ. ಅಲ್ಲಿ ಹೊಳೆಯ ನೀರಿಲ್ಲ, ದೃಷ್ಟಿ ಹಾಕಲು ಕಂಪ್ಲಿಯ ಜನವಿಲ್ಲ. ಇದ್ದದ್ದು ಭತ್ತದ ದೂಳು ಮಾತ್ರ.

"ಸಿಕ್ಕ ನೋಡು ಕಳ್ಳ!" ಎಂದು ನಾನು ಕೂಗಿದ್ದಕ್ಕೆ ಅವ್ವ ಗಾಬರಿಯಾಗಿ ಬಾಗಿಲ ಕಡೆ ನೋಡಿದಳು. ಚೀಲವನ್ನು ಕೊಟ್ಟಿಗೆಗೆ ಸಾಗಿಸಿ, ನೆಲ ಒದ್ದೆಬಟ್ಟೆಯಿಂದ ಒರೆಸಿ, ಮಗಳ ತಲೆಗೆ ನೀರು ಹಾಕಿ ಬೇರೆ ಬಟ್ಟೆ ತೊಡಿಸಿದೆ. ಮಾರನೆಯ ದಿನ ಉಸಿರು ಹಗುರಾಯಿತು.

ಕಂಪ್ಲಿಗೆ ಬಂದವಳೇ ಮಗಳ ಹಾಸಿಗೆಯನ್ನು ಭತ್ತದ ಕೋಣೆಯಿಂದ ಕಿತ್ತು, ಗಾಳಿಯಾಡುವ ಪಡಸಾಲೆಗೆ ಹಾಕಿದೆ. ಅತ್ತೆ ಹೌಹಾರಿದರು.

"ಲಕ್ಷ್ಮಿ ಮಗ್ಗುಲಾಗಿಂದ ಕೂಸಿನ್ನ ಎಬ್ಬಸ್ತೀಯಾ? ಕಾಳಿಂದ ರೋಗ ಬರ್ತೈತಂತ ಯಾವಾಕಿ ಹೇಳಿದ್ಲು ನಿನಗ?"

"ಕಾಳಿಂದಲ್ರೀ ಅತ್ತಿ, ದೂಳಿಂದ. ಲಕ್ಷ್ಮಿಗೆ ದೂರದಿಂದನ ಕೈ ಮುಗೀತಾಳ ಬಿಡ್ರಿ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ ನಮ್ಮತ್ತೆ. ನಾನೇನು ಕಡಿಮೆಯೆ? ಮುಂದಿನ ಸುಗ್ಗಿ ಬರುವುದರೊಳಗೆ ಮನೆಯ ಪದ್ಧತಿಯನ್ನೇ ಬದಲಿಸಿದೆ. ಕಣದಿಂದ ಬಂದ ಗಂಡಸರು ಹಿತ್ತಲಲ್ಲಿ ಮೈ ತೊಳೆದು ಧೋತರ ಬದಲಿಸದೆ ಮಗಳನ್ನು ಎತ್ತಿಕೊಳ್ಳುವಂತಿಲ್ಲ. ಯಜಮಾನರಿಗೂ ರಿಯಾಯಿತಿ ಇಲ್ಲ. ನೀರು ಚಿಮುಕಿಸದೆ ಕಸಬರಿಗೆ ಆಡಿಸುವಂತಿಲ್ಲ. ಭತ್ತದ ಕೋಣೆಯ ಬಾಗಿಲು ಸದಾ ಮುಚ್ಚಿರಬೇಕು. ಹಳೆಯ ಕೌದಿಯನ್ನು ಬೂದಿನೀರಿನಲ್ಲಿ ಕುದಿಸಿದಾಗ ಹೊರಬಿದ್ದ ಕೊಳೆ ನೋಡಿ ಅಗಸರವಳೇ ಮೂಗು ಮುಚ್ಚಿಕೊಂಡಳು. ಬೇವಿನ ಹೊಗೆ ಬಂದ್.

"ಮೂಗಿಗಿಂತ ಮೂಗುತಿ ಭಾರ ಆತು," ಎಂದು ಅತ್ತೆ ಗೊಣಗಿದರು. ಗೊಣಗಲಿ. ಆದರೆ ಪಡಸಾಲೆಯ ಚಳಿಗಾಳಿಗೆ ಮಗಳು ಕೆಮ್ಮಿದಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು. ನನ್ನ ಲೆಕ್ಕ ತಪ್ಪಿದರೆ ಕೂಸು ಕೈಬಿಟ್ಟು ಹೋದ ಹಾಗೇ.

ಹೊಸ ಭತ್ತ ಬಂದು ಗುಮ್ಮಿ ತುಂಬಿತು. ಮಗಳು ಸೀನಲೇ ಇಲ್ಲ ಎಂದು ಹೇಳಲಾರೆ. ಸೀನಿದಳು, ಮೂಗು ತಿಕ್ಕಿಕೊಂಡಳು. ಎದೆಯಲ್ಲಿ ಸೀಟಿ ಮಾತ್ರ ಬರಲಿಲ್ಲ. ಗದ್ದೆಗಳೆಲ್ಲ ಬರಿದಾದರೂ ಬರಲಿಲ್ಲ. ಅತ್ತೆ ದಿನಾ ಬೆಳಿಗ್ಗೆ ಬಂದು ಅವಳ ಎದೆಗೆ ಕಿವಿ ಹಚ್ಚಿ, ಎದ್ದು ಹೋಗುತ್ತಿದ್ದರು. ನನಗೆ ಹೆಮ್ಮೆಯೋ ಹೆಮ್ಮೆ. ಸೋತೆ ಎಂದು ಅವರು ಬಾಯಿಬಿಟ್ಟು ಹೇಳಲಿ ಎಂದು ಕಾದಿದ್ದೆ.

ಒಂದು ಬೆಳಿಗ್ಗೆ ಕಿವಿ ಹಚ್ಚಿದವರು ಏಳಲಿಲ್ಲ.

"ಕೂಸಿನ್ನ ಸಂಡೂರಾಗ ಬಿಡೋದು ಬ್ಯಾಡ," ಎಂದರು. ಆಮೇಲೆ ನನ್ನ ಮುಖ ನೋಡದೆ, ಮಗಳ ಎದೆ ಸವರುತ್ತ ಹೇಳಿದರು: "ನಿನ್ನ ಗಂಡನಕಿಂತ ಮೊದ್ಲು ನನಗೊಂದು ಗಂಡುಕೂಸು ಇತ್ತು. ಹಿಂಗ, ಸುಗ್ಗ್ಯಾಗ ಉಬ್ಬಸ ಬಂದು ಹೋತು. ಗುಮ್ಮಿ ಮಗ್ಗುಲಾಗ ನಾನ ಮಲಗಿಸಿದ್ದೆ. ಹಂಗಾದ್ರ ಅದು..."

"ಇಲ್ರೀ ಅತ್ತಿ," ಎಂದೆ ತಟ್ಟನೆ. "ಅದಕ್ಕ ಬ್ಯಾರೆ ಬ್ಯಾನಿ."

"ನಿನಗ ಹೆಂಗ ಗೊತ್ತು? ನೀನಾಗ ಹುಟ್ಟೇ ಇರ್ಲಿಲ್ಲ."

ನನಗೆ ಗೊತ್ತಿರಲಿಲ್ಲ. ಆದರೂ ದನಿ ಗಟ್ಟಿ ಮಾಡಿಕೊಂಡೇ ಅಂದೆ: "ಈ ಕೂಸಿಂದು ನನಗ ಗೊತ್ತಾತಿಲ್ಲೋ? ಹಂಗ ಅದೂ ಗೊತ್ತೈತಿ. ಅದು ಬ್ಯಾರೆ ಬ್ಯಾನಿ, ದೂಳಿಂದಲ್ಲ."

ಜೀವಮಾನವಿಡೀ ನನ್ನ ಯಾವ ಮಾತನ್ನೂ ಒಪ್ಪದಿದ್ದ ನಮ್ಮತ್ತೆ, ಅದೊಂದನ್ನು ವಾದ ಮಾಡದೆ ಒಪ್ಪಿಕೊಂಡರು.