ಮೊದಲ ತುತ್ತಿಗೂ ಮುಂಚೆ

ನಮ್ಮ ಅತ್ತಿಗೆಯನ್ನು ಕೆಲಸದ ಜಾಗದಲ್ಲಿ ಎಲ್ಲರೂ ಪಾಚಿಯಕ್ಕ ಎನ್ನುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ಕಡಲಿನ ವಾಸನೆಗೇ ಮೂಗು ಮುಚ್ಚಿಕೊಳ್ಳುತ್ತಿದ್ದವಳು, ಆಮೇಲೆ ಆ ಹೆಸರು ಹಿಡಿದು ಕರೆದರೆ ಮಾತ್ರ ತಿರುಗಿ ನೋಡುವಷ್ಟು ಅದಕ್ಕೆ ಒಗ್ಗಿಹೋಗಿದ್ದಳು.

ಅದು ಸಿಂಪಿ ಮರಿಗಳನ್ನು ಸಾಕುವ ಕೇಂದ್ರ. ಬಂಡೆಗೆ ಅಂಟಿಕೊಂಡು ಬೆಳೆಯುವ ಸಿಂಪಿ ದೊಡ್ಡದಾದ ಮೇಲೆ ಅಂಗೈಯಗಲ ಇರುತ್ತದೆ, ಆದರೆ ಅದರ ಮರಿ ಕಣ್ಣಿಗೇ ಬೀಳುವುದಿಲ್ಲ. ತೊಟ್ಟಿಯಲ್ಲಿ ಲಕ್ಷಗಟ್ಟಲೆ ಮರಿ ಈಜಾಡುತ್ತಿದ್ದರೂ ನೀರು ತುಸು ಮಸುಕಾದಂತೆ ತೋರುತ್ತದೆ, ಅಷ್ಟೆ. ಅವನ್ನು ಸಾಸಿವೆ ಕಾಳಿನ ಗಾತ್ರಕ್ಕೆ ತಂದು ಸಿಂಪಿ ಬೆಳೆಯುವವರಿಗೆ ಕೊಡುವುದು ಕೇಂದ್ರದ ಕಸುಬು. ಅಲ್ಲಿ ನೀರು ಅಣ್ಣನ ಪಾಲಿಗೆ, ಊಟ ಅತ್ತಿಗೆಯ ಪಾಲಿಗೆ. ಕಡಲಿನಿಂದ ಪಂಪಿನಲ್ಲಿ ನೀರೆತ್ತಿ, ಸೋಸಿ, ಬೆಚ್ಚಗೆ ಮಾಡಿ ತೊಟ್ಟಿ ತುಂಬಿಸುತ್ತಿದ್ದವನು ನಮ್ಮಣ್ಣ. ಆ ಮರಿಗಳು ತಿನ್ನುವ ಪಾಚಿಯನ್ನು ಬೆಳೆಸುತ್ತಿದ್ದವಳು ಅತ್ತಿಗೆ. ನಾನು ಪ್ಯಾಕಿಂಗ್ ಕೋಣೆಯಲ್ಲಿದ್ದೆ. ಇರುವುದಂತೂ ಅವರ ಮನೆಯಲ್ಲೇ.

ಅವಳ ಕೋಣೆ ನೋಡಬೇಕಿತ್ತು. ಕಿಟಕಿಯಿಲ್ಲದ ಉದ್ದನೆಯ ಕೋಣೆ, ಗೋಡೆಗುಂಟ ಟ್ಯೂಬ್‌ಲೈಟು, ಅದರ ಮುಂದೆ ಕೊಡದ ಗಾತ್ರದ ಗಾಜಿನ ಬಾಟಲಿಗಳ ಸಾಲು. ಪ್ರತಿ ಬಾಟಲಿಗೂ ಒಂದು ಸಣ್ಣ ಗಾಳಿಕೊಳವೆ, ಬಾಯಿಗೆ ಹತ್ತಿಯ ಮುಚ್ಚಳ. ಒಂದರಲ್ಲಿ ಎಳೆ ಹಸಿರು, ಪಕ್ಕದ್ದರಲ್ಲಿ ಚಹಾದ ಬಣ್ಣ, ಕೊನೆಯದರಲ್ಲಿ ಇನ್ನೂ ಬರೀ ನೀರು. ಎಲ್ಲಕ್ಕೂ ಮೂಲವಾದ ಪಾಚಿ ಒಂದು ಪುಟ್ಟ ಕೊಳವೆಯಲ್ಲಿತ್ತು. ಅದನ್ನು ವರ್ಷಗಳಿಂದ ಕೊಳವೆಯಿಂದ ಕೊಳವೆಗೆ ದಾಟಿಸುತ್ತಾ ಕಾಪಾಡಿಕೊಂಡು ಬಂದಿದ್ದಳು. ಒಳಗೆ ಹೋಗುವವರು ಚಪ್ಪಲಿ ಬಿಟ್ಟು, ಕೈ ತೊಳೆದು, ಬಾಯಿ ಮುಚ್ಚಿಕೊಂಡು ಹೋಗಬೇಕು. ಕೇಂದ್ರದ ಯಜಮಾನರೇ ಬಂದರೂ ಬಿಡುತ್ತಿರಲಿಲ್ಲ. "ನನ್ನ ಮಕ್ಕಳಿಗೆ ನೆಗಡಿ ಆದ್ರೆ ನೀವು ಮೂಗು ಒರೆಸ್ತೀರಾ?" ಎಂದು ಕೇಳಿ ಅವರನ್ನೂ ನಗಿಸಿ ಹೊರಗೆ ನಿಲ್ಲಿಸುತ್ತಿದ್ದಳು.

ಅಣ್ಣನಿಗೂ ತನ್ನ ನೀರಿನ ಬಗ್ಗೆ ಅಷ್ಟೇ ಹೆಮ್ಮೆ. ಉತ್ತರದ ಗಾಳಿ ಬೀಸುವ ದಿನಗಳಲ್ಲಿ ಕಡಲು ತಣ್ಣಗೆ, ಕನ್ನಡಿಯಂತೆ ತಿಳಿಯಾಗಿರುತ್ತಿತ್ತು. ಅಂಥ ದಿನ ಅವನು ಬೆಳಗಿನಿಂದ ಪಂಪು ಓಡಿಸಿ ತೊಟ್ಟಿಗಳನ್ನೆಲ್ಲ ತುಂಬಿಸಿಬಿಡುತ್ತಿದ್ದ. "ಈ ನೀರು ನೋಡಿದ್ರೆ ನಂಗೇ ಕುಡಿಯೋಣ ಅನ್ಸುತ್ತೆ" ಎನ್ನುತ್ತಿದ್ದ.

ಮರಿಗಳು ಸಾಯತೊಡಗಿದ್ದು ಅಂಥದೇ ತಿಳಿನೀರಿನ ಹಂಗಾಮಿನಲ್ಲಿ.

ಮೊದಲು ಒಂದು ತೊಟ್ಟಿ ಹೋಯಿತು. ಅದೇನೂ ಹೊಸತಲ್ಲ. ಆದರೆ ಎರಡನೆಯದೂ ಹೋಯಿತು, ಅದರ ಪಕ್ಕದ್ದೂ ಹೋಯಿತು. ಮರಿಗಳು ಬೆಳೆಯುವುದನ್ನು ನಿಲ್ಲಿಸಿ, ತಳಕ್ಕೆ ಇಳಿದು, ಬೆಳಗಾಗುವಷ್ಟರಲ್ಲಿ ತೆಳ್ಳನೆ ಧೂಳಿನ ಪದರವಾಗಿ ಕೂತಿರುತ್ತಿದ್ದವು. ಅತ್ತಿಗೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನೋಡಿದಳು. ತಿಂದ ಮರಿಯ ಹೊಟ್ಟೆಯಲ್ಲಿ ಪಾಚಿಯ ಬಣ್ಣ ಕಾಣಬೇಕು. ಇವುಗಳ ಹೊಟ್ಟೆ ಗಾಜಿನಂತೆ ಖಾಲಿ.

"ತಿಂದಿಲ್ಲ ಕಣೇ" ಎಂದಳು ನನ್ನ ಹತ್ತಿರ. "ಕಣ್ಮುಂದೆ ಊಟ ಇದೆ. ಆದ್ರೂ ತಿಂದಿಲ್ಲ."

ಆ ಮಾತು ಅಣ್ಣನ ಕಿವಿಗೂ ಬಿತ್ತು. ಮರುದಿನ ಯಜಮಾನರು ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ ಏನಾಗಿದೆ ಎಂದು ಕೇಳಿದಾಗ ಅವನು ಹಿಂದೆ ಮುಂದೆ ನೋಡಲಿಲ್ಲ.

"ನೀರಲ್ಲಿ ಏನೂ ದೋಷ ಇಲ್ಲ. ಇಷ್ಟು ಒಳ್ಳೇ ನೀರು ನಾನು ಎತ್ತೇ ಇಲ್ಲ. ಪಾಚಿ ಕೆಟ್ಟಿದೆ. ಮರಿ ಮುಟ್ತಾ ಇಲ್ಲ ಅಂತ ಅವಳೇ ಹೇಳ್ತಾಳೆ, ಕೇಳಿ."

ಅತ್ತಿಗೆ ಅವನ ಮುಖ ನೋಡಿದಳು. ನೆಟ್ಟಗೆ ತನ್ನ ಕೋಣೆಗೆ ಹೋಗಿ ಬಾಟಲಿಗಳನ್ನು ಒಂದೊಂದಾಗಿ ಬಚ್ಚಲಿಗೆ ಸುರಿದಳು. ನಾನು ಬಾಗಿಲಲ್ಲಿ ನಿಂತು ಬೇಡ ಅತ್ತಿಗೆ, ಬೇಡ ಎನ್ನುತ್ತಲೇ ಇದ್ದೆ. ಮೂಲ ಪಾಚಿಯ ಕೊಳವೆಯನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತಳು. ಅದನ್ನೂ ಸುರಿದಳು. ಬ್ಲೀಚಿಂಗ್ ಪುಡಿ ಹಾಕಿ ಕೋಣೆಯನ್ನೆಲ್ಲ ಉಜ್ಜಿ, ಬೇರೆ ಕಡೆಯಿಂದ ತರಿಸಿದ ಪಾಚಿಯಿಂದ ಮತ್ತೆ ಶುರುಮಾಡಿದಳು. ಅಂಗೈ ಸಿಪ್ಪೆಯೆದ್ದು ಚೊಂಬು ಹಿಡಿಯಲೂ ಆಗುತ್ತಿರಲಿಲ್ಲ.

ಮುಂದಿನ ಮರಿಗಳೂ ಸತ್ತವು.

ಯಜಮಾನರು ಕೆಟ್ಟವರಲ್ಲ. ಮೆಲ್ಲಗೇ ಹೇಳಿದರು. "ಅಕ್ಕ, ಸ್ವಲ್ಪ ದಿನ ನೀವು ಮರಿ ಸೋಸೋ ಜರಡಿ ತೊಳೆಯೋ ಕಡೆ ಇರಿ. ಊಟ ಹೊರಗಿಂದ ತರಿಸಿ ನೋಡ್ತೀನಿ." ಪಾಚಿಯ ಕೋಣೆಗೆ ಬೀಗ ಬಿತ್ತು. ಟ್ಯೂಬ್‌ಲೈಟು ಆರಿದ ಆ ಬಾಗಿಲ ಮುಂದಿನಿಂದಲೇ ಅವಳು ದಿನಾ ಜರಡಿ ಹೊತ್ತು ಹಾಯಬೇಕಿತ್ತು.

ಮನೆಯಲ್ಲಿ ಗಂಡ ಹೆಂಡತಿಗೆ ಮಾತು ನಿಂತಿತು. ಒಂದೇ ಅಡುಗೆಮನೆಯಲ್ಲಿ ಮೂವರೂ ಊಟಕ್ಕೆ ಕೂತಿರುತ್ತಿದ್ದೆವು. "ನಿಮ್ಮಣ್ಣಂಗೆ ಕೇಳು, ಇನ್ನೂ ಬಡಿಸ್ಬೇಕಾ ಅಂತ." "ಸಾಕು ಅಂತ ಹೇಳು ಅವಳಿಗೆ." ನಾನು ನಡುವೆ ಅಂಚೆಯವಳಾಗಿದ್ದೆ. ಒಮ್ಮೆ ನಗು ತಡೆಯಲಾಗದೆ, "ಅಂಚೆಚೀಟಿ ಯಾರು ಹಚ್ತೀರಾ?" ಎಂದು ಕೇಳಿಬಿಟ್ಟೆ. ಇಬ್ಬರೂ ನಗಲಿಲ್ಲ. ಅತ್ತಿಗೆ ಎದ್ದು ತಟ್ಟೆ ತೊಳೆಯಲು ಹೋದಳು.

ಹೊರಗಿಂದ ಡಬ್ಬಗಳಲ್ಲಿ ಪಾಚಿ ಬಂತು. ಅದನ್ನೂ ಮರಿ ಮುಟ್ಟಲಿಲ್ಲ. ತೊಟ್ಟಿಗಳು ಒಂದಾದ ಮೇಲೊಂದು ಖಾಲಿಯಾದವು.

ಆಮೇಲೆ ಅಣ್ಣ ಬದಲಾದ. ಊಟ ಅರ್ಧಕ್ಕೇ ಬಿಡುತ್ತಿದ್ದ. ಪಂಪಿನ ಮನೆಯಲ್ಲಿ ಕೂತು ಪೈಪಿನ ಬಾಯಿಂದ ಬೀಳುವ ನೀರನ್ನೇ ನೋಡುತ್ತಿದ್ದ. ಕೊನೆಗೊಂದು ದಿನ ಯಾರಿಗೂ ಹೇಳದೆ ಎರಡು ಬಾಟಲಿ ನೀರು ತುಂಬಿಸಿಕೊಂಡು, ಬಸ್ಸು ಹತ್ತಿ, ಪಕ್ಕದ ಪಟ್ಟಣದಲ್ಲಿದ್ದ ಕಡಲು ಪರೀಕ್ಷಾ ಕೇಂದ್ರಕ್ಕೆ ಹೋದ. ಅಲ್ಲಿ ಸಿಂಪಿಗಳ ಮೇಲೆ ಕೆಲಸ ಮಾಡುತ್ತಿದ್ದ ಒಬ್ಬ ಮೇಡಂ ಇದ್ದರು. "ನನ್ನ ನೀರು ನೋಡಿ ಮೇಡಂ, ಬೇರೆ ಏನೂ ಬೇಡ" ಎಂದನಂತೆ.

ಮೇಡಂ ತಾವೇ ಬಂದರು. ಗಾಳಿಯ ದಿಕ್ಕು ಬದಲಾದಾಗೊಮ್ಮೆ ನೀರು ತೆಗೆದು ಅಳೆದರು. ಕೆಲಸ ಮುಗಿದ ಮೇಲೆ ಯಜಮಾನರ ಮೇಜಿನ ಸುತ್ತ ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದರು. ಅತ್ತಿಗೆ ಜರಡಿ ಕೈಯಲ್ಲಿ ಹಿಡಿದೇ ಬಾಗಿಲ ಹತ್ತಿರ ನಿಂತಿದ್ದಳು.

"ಇಡೀ ಪ್ರಪಂಚದ ಹೊಗೆಯನ್ನ ಕಡಲು ಕುಡೀತಾ ಇದೆ. ಕುಡಿದು ಕುಡಿದು ನೀರು ನಿಧಾನವಾಗಿ ಹುಳಿ ಕಡೆಗೆ ವಾಲ್ತಾ ಇದೆ. ನಾಲಿಗೆಗೆ ಗೊತ್ತಾಗಲ್ಲ. ಆಳದ ನೀರು ಇನ್ನೂ ಜಾಸ್ತಿ ಹುಳಿ. ಉತ್ತರದ ಗಾಳಿ ಬೀಸಿದ್ರೆ ಮೇಲಿನ ನೀರು ಆಚೆ ಸರಿದು, ಆಳದ್ದು ದಡಕ್ಕೆ ಏರಿ ಬರುತ್ತೆ."

"ತಣ್ಣಗಿರುತ್ತಾ?" ಅಣ್ಣ ಕೇಳಿದ.

"ತಣ್ಣಗೆ. ತುಂಬಾ ತಿಳಿಯಾಗಿರುತ್ತೆ."

ಅಣ್ಣ ತಲೆ ತಗ್ಗಿಸಿದ.

ಮೇಜಿನ ಪಕ್ಕದ ಪುಟ್ಟ ತೊಟ್ಟಿಯಲ್ಲಿದ್ದ ಒಂದು ದೊಡ್ಡ ಸಿಂಪಿಯ ಚಿಪ್ಪಿನ ಮೇಲೆ ಮೇಡಂ ಬಟಾಣಿ ಗಾತ್ರದ ಒಂದು ಸಾಧನವನ್ನು ಅಂಟಿನಿಂದ ಹಚ್ಚಿದ್ದರು. ಅದರ ವೈರು ಕಂಪ್ಯೂಟರಿಗೆ ಹೋಗಿತ್ತು. ಪರದೆಯ ಮೇಲೆ ಒಂದು ಗೆರೆ ಏರುತ್ತಿತ್ತು, ಇಳಿಯುತ್ತಿತ್ತು. ಸಿಂಪಿಯ ಎದೆಬಡಿತ ಅದು. ಬಿಸಿನೀರು ಬೆರೆಸಿದಾಗ ಗೆರೆ ಓಡತೊಡಗಿತು. ಉಪ್ಪಿಲ್ಲದ ನೀರು ಹೆಚ್ಚು ಬೆರೆಸಿದಾಗ ಚಿಪ್ಪು ಗಪ್ಪೆಂದು ಮುಚ್ಚಿ, ಗೆರೆ ಹೆಚ್ಚು ಕಡಿಮೆ ಮಲಗಿಬಿಟ್ಟಿತು.

"ಸತ್ತೋಯ್ತಾ?" ಎಂದೆ ನಾನು ಗಾಬರಿಯಿಂದ.

"ಇಲ್ಲ, ಉಸಿರು ಬಿಗಿಹಿಡಿದು ಕೂತಿದೆ. ನೀರು ಕೆಟ್ಟಾಗ ದೊಡ್ಡದು ಹೀಗೇ ಬಾಗಿಲು ಹಾಕ್ಕೊಂಡು, ಎದೆಬಡಿತ ಇಳಿಸ್ಕೊಂಡು ಕೆಲವು ದಿನ ತಡೀಬಲ್ಲದು. ಮರಿಗೆ ಬಾಗಿಲೇ ಇನ್ನೂ ಕಟ್ಟಿರಲ್ಲ. ಚಿಪ್ಪು ಅಂದ್ರೆ ಸುಣ್ಣ ತಾನೇ? ಹುಟ್ಟಿದ ಒಂದೆರಡು ದಿನದಲ್ಲೇ ಅದು ಮೈಸುತ್ತ ಸುಣ್ಣ ಕೂಡಿಸ್ಕೋಬೇಕು. ಆಗ ತಿನ್ನೋಕೆ ಬರಲ್ಲ. ಮೊಟ್ಟೆಯಿಂದ ಬಂದ ಬುತ್ತಿಯೇ ಗತಿ. ಹುಳಿ ನೀರಲ್ಲಿ ಚಿಪ್ಪು ಕಟ್ಟೋಕೇ ಆ ಬುತ್ತಿಯೆಲ್ಲ ಖಾಲಿ. ತಿನ್ನೋ ಹೊತ್ತಿಗೆ ತಿನ್ನೋ ಶಕ್ತಿ ಇರಲ್ಲ."

ಬಾಗಿಲಿನಿಂದ ಅತ್ತಿಗೆಯ ದನಿ ಬಂತು. "ಹಾಗಾದ್ರೆ ಅವು ಪಾಚಿ ಬೇಡ ಅಂದಿದ್ದಲ್ಲ?"

"ನಿಮ್ಮ ಪಾಚಿ ರುಚಿ ನೋಡೋವರೆಗೂ ಅವು ಬದುಕಿರಲಿಲ್ಲಮ್ಮ. ಮೊದಲ ತುತ್ತಿಗೂ ಮುಂಚೆ ಮುಗಿದಿತ್ತು."

ಅತ್ತಿಗೆ ಜರಡಿಯನ್ನು ನೆಲದ ಮೇಲಿಟ್ಟು ಹೊರಗೆ ಹೋದಳು. ತಪ್ಪು ಅಣ್ಣನ ನೀರಿನದು ಎಂದು ಅವಳು ಯಾರ ಮುಂದೆಯೂ ಒಂದು ಮಾತು ಆಡಲಿಲ್ಲ. ಆಡಿದ್ದರೆ ಅವನಿಗೆ ಹಗುರವಾಗುತ್ತಿತ್ತೋ ಏನೋ.

ಮೇಡಂ ದಾರಿ ತೋರಿಸಿದರು. ಉತ್ತರದ ಗಾಳಿಯಿದ್ದರೆ ಪಂಪು ಮುಟ್ಟಬಾರದು. ಉಳಿದ ದಿನ ಮಧ್ಯಾಹ್ನ ಕಳೆದ ಮೇಲೆ, ಬಿಸಿಲಿಗೆ ಕಡಲಹುಲ್ಲು ನೀರಿನ ಹುಳಿಯನ್ನು ಅಷ್ಟಿಷ್ಟು ಹೀರಿಕೊಂಡ ಹೊತ್ತಿನಲ್ಲಿ ನೀರೆತ್ತಬೇಕು. ತೊಟ್ಟಿಗೆ ಬಿಡುವ ಮುಂಚೆ ಹುಳಿ ಮುರಿಯಲು ಅದಕ್ಕೆ ಸೋಡಾ ಪುಡಿ ಕರಗಿಸಿ ಬೆರೆಸಬೇಕು. ಅಣ್ಣ ಔಷಧಿ ಕುಡಿಸುವವನಂತೆ ಹನಿ ಹನಿಯಾಗಿ ಬೆರೆಸಿದ. ಆ ಸಲದ ಮರಿಗಳಲ್ಲಿ ಮುಕ್ಕಾಲು ಪಾಲು ಬದುಕಿದವು. ಯಜಮಾನರು ಬೀಗದ ಕೈ ಹಿಡಿದುಕೊಂಡು ನಮ್ಮ ಮನೆಗೇ ಬಂದರು. ಅತ್ತಿಗೆ ಅವರಿಗೆ ಚಹಾ ಕೊಟ್ಟಳು. ಬೀಗದ ಕೈ ತೆಗೆದುಕೊಳ್ಳಲಿಲ್ಲ.

ಅವರು ಹೋದ ಮೇಲೆ ಅಣ್ಣ ಗೋಡೆ ನೋಡಿಕೊಂಡು ಹೇಳಿದ. "ಅವತ್ತು ಏನೋ ಬಾಯಿ ತಪ್ಪಿ..."

"ಬಾಯಿ ತಪ್ಪಿದ್ದಲ್ಲ ರೀ. ಬಾಯಿ ತುಂಬಾ ಹೇಳಿದ್ರಿ."

"ನಂಗೂ ಭಯ ಆಗಿತ್ತು ಕಣೇ. ನೀರು ಕೆಟ್ಟಿದೆ ಅಂದ್ರೆ ನಂಗೆ ಇನ್ನೇನು ಉಳೀತು?"

"ಅದಕ್ಕೇ ನನ್ನನ್ನ ಮುಂದೆ ತಳ್ಳಿದ್ರಾ?"

ನಾನು ಎದ್ದು ಹಿತ್ತಲಿಗೆ ಹೋದೆ.

ಪರೀಕ್ಷಾ ಕೇಂದ್ರದಲ್ಲಿ ಪಾಚಿ ನೋಡಿಕೊಳ್ಳುವವರು ಬೇಕಾಗಿದ್ದರು. ಮೇಡಂ ಕೇಳಿದಾಗ ಅತ್ತಿಗೆ ಒಪ್ಪಿದಳು. ಅಣ್ಣ ಬೇಡ ಎನ್ನಲಿಲ್ಲ, ಟ್ರಂಕು ಹೊತ್ತು ಬಸ್ಸಿನವರೆಗೆ ಬಂದ. ಈಗ ಅವಳು ಅಲ್ಲೇ ಒಂದು ಕೋಣೆ ಮಾಡಿಕೊಂಡಿದ್ದಾಳೆ. ರಜೆಗೆ ಮನೆಗೆ ಬರುತ್ತಾಳೆ, ಅಡುಗೆ ಮಾಡುತ್ತಾಳೆ, ಅವನ ಅಂಗಿಗೆ ಗುಂಡಿ ಹಚ್ಚುತ್ತಾಳೆ, ಹೋಗುತ್ತಾಳೆ. ಊರಿನವರು ಏನೇನೋ ಆಡಿಕೊಳ್ಳುತ್ತಾರೆ. ಗಂಡನನ್ನು ಬಿಟ್ಟಳೇ ಎಂದು ನನ್ನನ್ನು ಕೇಳುವವರೂ ಇದ್ದಾರೆ. ಏನು ಹೇಳಬೇಕೋ ನನಗೇ ತಿಳಿಯದು.

ಈ ಸಲ ಉತ್ತರದ ಗಾಳಿ ಬೇಗ ಶುರುವಾಗಿ ಇನ್ನೂ ನಿಂತಿಲ್ಲ. ಪಂಪು ಸುಮ್ಮನೆ ಕೂತಿದೆ, ಶೇಖರಿಸಿಟ್ಟ ನೀರು ತಳ ಮುಟ್ಟಿದೆ. ಮರಿ ಮಾಡುವುದೇ ಬೇಡ, ಕೇಂದ್ರವನ್ನು ಮುಚ್ಚೋಣವೇ ಎಂದು ಯಜಮಾನರು ಯೋಚಿಸುತ್ತಿದ್ದಾರೆ. ಮೊನ್ನೆ ಸಂಜೆ ಅಣ್ಣ ಅತ್ತಿಗೆಗೆ ಫೋನು ಮಾಡಿದ. ಸ್ಪೀಕರಿನಲ್ಲಿ ಇಟ್ಟಿದ್ದ, ಉಳಿದ ನೀರಿಗೆ ಬೆರೆಸಿ ಬಂದ ಸೋಡಾ ಅವನ ಕೈಗೆ ಮೆತ್ತಿತ್ತು.

"ಗಾಳಿ ಇನ್ನೂ ತಿರುಗಿಲ್ಲ" ಎಂದ.

"ಗೊತ್ತು. ಇಲ್ಲೂ ಅದೇ."

"ಏನ್ ಮಾಡ್ಲಿ?"

"ನಾನೇನ್ ಹೇಳ್ಲಿ? ಊಟ ಮಾಡಿದ್ರಾ?"

"ಇಲ್ಲ."

"ಮಾಡಿ. ಮಾಡ್ಕೊಂಡು ಬನ್ನಿ, ಫೋನ್ ಇಡಲ್ಲ ನಾನು."

ಅವನು ಕೈ ತೊಳೆದು ತಟ್ಟೆ ಹಾಕಿಕೊಂಡು ಕೂತ. ಫೋನು ಪಕ್ಕದಲ್ಲೇ ಇತ್ತು. ಆ ಕಡೆಯಿಂದ ಅವಳು ಬಾಟಲಿ ತೊಳೆಯುವ ಸದ್ದು ಕೇಳುತ್ತಿತ್ತು.