ಬೀಗರ ಅಜ್ಜಿಯ ಹಲ್ಲು, ನಮ್ಮ ನತ್ತಿನ ಮುತ್ತು

ಹಿತ್ತಾಳೆ ದೀಪಗಳನ್ನು ತಿಕ್ಕಿ ತೊಳೆದು ಉಳಿದ ಹುಣಸೆ ನೀರಿಗೆ ಮಂಕಾಗಿದ್ದ ಮುತ್ತಿನ ನತ್ತನ್ನೂ ಅದ್ದಬೇಕು ಎನ್ನುವಷ್ಟರಲ್ಲಿ, ಖಾನಾಪುರದಿಂದ ಬಂದಿದ್ದ ಬೀಗರ ಅಜ್ಜಿ ಅದನ್ನು ನನ್ನ ಕೈಯಿಂದ ಕಸಿದುಕೊಂಡರು. ಒಂದು ಮುತ್ತನ್ನು ಮುಂದಿನ ಹಲ್ಲಿಗೆ ತಿಕ್ಕಿ ನೋಡಿದರು. ಮಹಾಂತೇಶ ನಗರದ ನಮ್ಮ ಮನೆಯಲ್ಲಿ, ಬಸುರಿ ಮಗಳ ಕುಬಸದ ದಿನ, ನೆಂಟರೆಲ್ಲರ ಎದುರಿಗೆ! ಅದು ನನ್ನ ತವರಿನ ನತ್ತು. ನಕಲಿ ಎಂದು ಅನುಮಾನಪಟ್ಟರಲ್ಲ ಎಂದು ನನ್ನ ಮೈಯೆಲ್ಲ ಉರಿಯಿತು.

“ಮರಳಿನಂಗ ಹತ್ತತೈತ್ರಿ ಬೀಗರ, ಖರೇ ಮುತ್ತು ಅದಾವ. ಗಾಜಿನವು ಇದ್ದಿದ್ರ ಅದ್ದಾಕ ಬಿಡ್ತಿದ್ದೆ. ಖರೇ ಮುತ್ತನ್ನ ಹುಣಸಿ ಹುಳಿ ತಿಂದಬಿಡತೈತಿ!” ಎಂದರು ಅಜ್ಜಿ.

ನಾನು ಹುಣಸೆ ನೀರಿನ ಬೋಗುಣಿಯನ್ನು ಆಚೆಗೆ ಸರಿಸಿದೆ. ಅಜ್ಜಿ ತಮ್ಮ ಹಳೆಯ ಸೀರೆಯ ಮೆತ್ತನೆಯ ಸೆರಗಿನಿಂದ ಒಂದೊಂದೇ ಮುತ್ತು ಒರೆಸಿ, ನತ್ತನ್ನು ಮಗಳ ಮೂಗಿಗಿಟ್ಟರು. “ಪೆಟಗಿಯೊಳಗ ಇಟ್ಟು ಒಣಗಿಸಬ್ಯಾಡವಾ, ಹಾಕ್ಕೋತ ಇರು,” ಎಂದರು.

ಮೊನ್ನೆ ಮೊಮ್ಮಗಳಿಗೆ ಮುತ್ತಿನ ಸರ ಕೊಳ್ಳಲು ಪೇಟೆಗೆ ಹೋದಾಗ ತಡೆಯಲಾಗದೆ ಒಂದು ಮುತ್ತನ್ನು ಮೆಲ್ಲಗೆ ಹಲ್ಲಿಗೆ ತಿಕ್ಕಿದೆ. ಮರಳಿನಂತೆಯೇ ತರಿತರಿಯಾಗಿ ಹತ್ತಿತು. ಅಂಗಡಿಯವರು ಮಾತ್ರ ಕಣ್ಣು ಕೆಂಪಗೆ ಮಾಡಿ ನನ್ನನ್ನೇ ನೋಡುತ್ತಿದ್ದರು. ಕುಬಸದ ದಿನ ನನ್ನ ಮುಖವೂ ಹೀಗೇ ಇದ್ದಿರಬೇಕು ಎನಿಸಿ, ಅಲ್ಲೇ ನಕ್ಕುಬಿಟ್ಟೆ.